ಎಂ-ಸ್ಯಾಂಡ್ ಹೆಸರಲ್ಲಿ ಕ್ರಷರ್ ದೂಳು

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ನದಿಪಾತ್ರದ ಮರಳುಗಾರಿಕೆ ನಿಂತಾಗಲೆಲ್ಲ ‘ಎಂ-ಸ್ಯಾಂಡ್ (ಕಲ್ಲು ಒಡೆದು ಮಾಡಿದ ಮರಳು) ಬಳಸಿ’ ಎಂಬ ಸಲಹೆ ಕೇಳಿಬರುತ್ತದೆ. ಸಲಹೆ ಸರಿಯೇ. ಆದರೆ ಆ ಹೆಸರಲ್ಲಿ ಸೈಟಿಗೆ ಬಂದು ಬೀಳುವ ಲೋಡು ಎಷ್ಟೋ ಸಲ ಜಲ್ಲಿ ಒಡೆದು ಉಳಿದ ದೂಳು. ನಿಜವಾದ ಎಂ-ಸ್ಯಾಂಡ್ ಬೇಕಿದ್ದರೆ ವಿಎಸ್‌ಐ (ಕಲ್ಲನ್ನು ವೇಗವಾಗಿ ಎಸೆದು ಒಡೆಯುವ) ಯಂತ್ರದಲ್ಲಿ ಕಲ್ಲಿಗೆ ಕಲ್ಲು ಬಡಿಸಿ, ಕಾಳಿನ ಮೂಲೆ ಮುರಿದು, ಜರಡಿ ಹಿಡಿದು ತೊಳೆಯಬೇಕು. ದೂಳಿನ ಕಾಳು ಚಪ್ಪಟೆ, ಚೂಪು. ಜೊತೆಗೆ ಹಿಟ್ಟಿನಂಥ ಪುಡಿ ವಿಪರೀತ. (ಅದಕ್ಕೂ ಕೆಲಸವಿದೆ, ನೆಲದ ಕೆಳಗಿನ ಪದರಕ್ಕೆ ಹಾಕಲಿ. ಸ್ಲ್ಯಾಬಿಗೆ ಬೇಡ.)

ಕಾಂಕ್ರೀಟಿನ ಮರಳು, ಜಲ್ಲಿಗೆ ಇರುವ ಭಾರತೀಯ ಮಾನದಂಡ ಐಎಸ್ 383ರ 2016ರ ಆವೃತ್ತಿಯಂತೆ 75 ಮೈಕ್ರಾನ್ ಜರಡಿ ದಾಟುವ ಪುಡಿ ನದಿ ಮರಳಲ್ಲಿ ಶೇ 3, ಕಲ್ಲು ಒಡೆದ ಮರಳಲ್ಲಿ ಶೇ 15 ಮೀರಬಾರದು. ಹಾಗಾಗಿ ಮರಳನ್ನು ಬಾಟಲಿಯ ನೀರಲ್ಲಿ ಕುಲುಕಿ, ಮೇಲೆ ಪುಡಿಯ ಕೆನೆ ಕಂಡಿತೆಂದು ಒಳ್ಳೆಯ ಲೋಡನ್ನು ವಾಪಸು ಕಳಿಸುವುದೂ ತಪ್ಪೇ. ಒಣಗಿದ 500 ಗ್ರಾಂ ಮರಳನ್ನು ಆ ಜರಡಿಯಲ್ಲಿ ನೀರು ತಿಳಿಯಾಗುವ ತನಕ ತೊಳೆದು, ಮತ್ತೆ ಒಣಗಿಸಿ ತೂಗಿ. 425 ಗ್ರಾಂಗಿಂತ ಕಡಿಮೆ ಉಳಿದರೆ ಇಳಿಸಿಕೊಳ್ಳಬೇಡಿ.

ಕೆಲಸ ಕೆಡುವುದು ಹೆಚ್ಚಾಗಿ ನೀರಿನಿಂದ. ಪುಡಿ ಹೆಚ್ಚಿದ್ದರೆ ಮಾಲು ಗಟ್ಟಿಯಾಗುತ್ತದೆ, ಮೇಸ್ತ್ರಿ ಇನ್ನೊಂದು ಬಕೆಟ್ ಸುರಿಯುತ್ತಾರೆ. ಎಂ20 ಬಲದ ದರ್ಜೆಯ ಕಾಂಕ್ರೀಟಿಗೆ 50 ಕಿಲೋ ಸಿಮೆಂಟ್ ಚೀಲಕ್ಕೆ ಕಾಂಕ್ರೀಟ್ ಕೆಲಸದ ಮಾನದಂಡ ಐಎಸ್ 456 ಕೊಡುವ ಗರಿಷ್ಠ ನೀರು 30 ಲೀಟರ್. ಮರಳು ಒದ್ದೆಯಿದ್ದರೆ ಅದರ ನೀರೂ ಇದರಲ್ಲೇ ಸೇರಬೇಕು. 10 ಲೀಟರ್ ಹೆಚ್ಚಾದರೆ ನೀರು-ಸಿಮೆಂಟ್ ಅನುಪಾತ 0.6ರಿಂದ 0.8ಕ್ಕೆ ಜಿಗಿದು ಬಲ ಕುಸಿಯುತ್ತದೆ, ಬಿರುಕೂ ಬರುತ್ತದೆ. ಬಕೆಟ್ಟಿನ ಬದಲು ಪ್ಲಾಸ್ಟಿಸೈಸರ್ (ನೀರು ಹೆಚ್ಚಿಸದೆ ಮಾಲನ್ನು ಸಡಿಲಗೊಳಿಸುವ ದ್ರವ) ಹಾಕಿ: ಸಾಮಾನ್ಯವಾಗಿ ಚೀಲಕ್ಕೆ 100ರಿಂದ 250 ಮಿಲಿ, ಒಣ ಮಾಲಿಗಲ್ಲ, ಕೊನೆಯಲ್ಲಿ ಹಾಕುವ ನೀರಿಗೆ ಬೆರೆಸಿ. ಪ್ಲಾಸ್ಟರಿಂಗ್‌ನ ಸಣ್ಣ ಕಾಳಿನ ಪಿ-ಸ್ಯಾಂಡನ್ನು ಸ್ಲ್ಯಾಬಿಗೆ ಹಾಕಿದರೂ ಇದೇ ಗತಿ.

ಬಳ್ಳಾರಿ ಸೀಮೆಯಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ (ಅದಿರು ಕರಗಿಸಿದಾಗ ಉಳಿಯುವ ಕಿಟ್ಟ) ಮರಳೂ ಸಿಗುತ್ತದೆ. ಊದುಕುಲುಮೆಯ (ಬ್ಲಾಸ್ಟ್ ಫರ್ನೇಸ್) ಸ್ಲ್ಯಾಗನ್ನು ಕಬ್ಬಿಣ ಹಾಕಿದ ಕಾಂಕ್ರೀಟಿನಲ್ಲಿ ಮರಳಿನ ಶೇ 25ರಷ್ಟು ಬೆರೆಸಲು ಅದೇ ಐಎಸ್ 383 ಒಪ್ಪುತ್ತದೆ. ಒಡೆದ ಕಟ್ಟಡದ ಕಾಂಕ್ರೀಟನ್ನು ಪುಡಿ ಮಾಡಿದ ಮರಳಾದರೆ ಶೇ 20, ಅದೂ ಎಂ25ರವರೆಗೆ ಮಾತ್ರ.

ಗಣಿ ಮತ್ತು ಭೂವಿಜ್ಞಾನ ಇಲಾಖೆ ಪ್ರತಿ ಲೋಡಿನ ಪರ್ಮಿಟ್ ಜೊತೆ ಆ ತಿಂಗಳ ಜರಡಿ ಪರೀಕ್ಷೆಯ ವರದಿಯನ್ನೂ ಕಡ್ಡಾಯ ಮಾಡಲಿ. ಕ್ರಷರ್ ಮಾಲೀಕರು ದೂಳಿಗೆ ದೂಳೆಂದೇ ಬಿಲ್ ಬರೆಯಲಿ.

– ಸಿವಿಲ್ ಎಂಜಿನಿಯರ್‌ಗಳು, ದಾವಣಗೆರೆ