ಹೆಸರಿನ ಬಾಲ ಯಾರ ಕೈಯಲ್ಲೈತೆ ಅಂತ ಕೇಳ್ಕೊಳ್ಳಿ

ಸಂಪಾದಕರಿಗೆ ನಮಸ್ಕಾರ,

ನಾನು ದಾವಣಗೆರೆಯಲ್ಲಿ ಅಂಗಡಿಯವ್ರಿಗೆ ವೆಬ್‌ಸೈಟ್ ಮಾಡಿಕೊಡೋನು. ಹೋದ ತಿಂಗಳು ಮಂಡಿಪೇಟೆ ಕಡೆಯಿಂದ ಚಟ್ನಿಪುಡಿ ವ್ಯಾಪಾರದವರೊಬ್ರು ಬಂದು ಕೊನೆಗೆ ಡಾಟ್ ಐಓ (.io) ಅನ್ನೋ ಬಾಲ ಇರೋ ವೆಬ್‌ಸೈಟ್ ಹೆಸರೇ ಬೇಕು ಅಂದ್ರು, ಬೆಂಗಳೂರಿನ ಸ್ಟಾರ್ಟಪ್‌ನವ್ರು ಇಟ್ಕೋತಾರಲ್ಲ ಅಂತ. ಕೆಂಪು ಕವರ್ ಮೇಲೆ ಬಿಳಿ ಅಕ್ಷರದಲ್ಲಿ ಅದೇ ಅಡ್ರೆಸ್, ಪಕ್ಕದಲ್ಲೊಂದು ಕ್ಯೂಆರ್ ಕೋಡ್, ಸ್ಯಾಂಪಲ್ ಪ್ರಿಂಟ್ ಹೊಡೆಸ್ಕೊಂಡೇ ಬಂದಿದ್ರು.

ಅವ್ರಿಗೆ ಹೇಳಿದ್ದನ್ನೇ ಇಲ್ಲೂ ಬರೀತಿದೀನಿ. ಡಾಟ್ ಐಓ ಅನ್ನೋದು ಹಿಂದೂ ಮಹಾಸಾಗರದಲ್ಲಿರೋ ಚಾಗೋಸ್ ದ್ವೀಪಗಳ ಕೋಡು, ಬ್ರಿಟನ್ ಕೈಯಲ್ಲಿರೋ ಜಾಗ. ಅದನ್ನ ಮಾರಿಷಸ್‌ಗೆ ಬಿಟ್ಟುಕೊಡ್ತೀವಿ ಅಂತ 2024ರ ಅಕ್ಟೋಬರ್‌ನಲ್ಲಿ ಹೇಳಿದ್ರು, 2025ರ ಮೇ ತಿಂಗಳಲ್ಲಿ ಒಪ್ಪಂದಕ್ಕೆ ಸಹಿನೂ ಬಿತ್ತು. ದೇಶಗಳ ಕೋಡ್ ಪಟ್ಟಿಯಿಂದ ಆ ಎರಡಕ್ಷರ ಮುಂದೆ ಯಾವತ್ತಾದ್ರೂ ಹೋದ್ರೆ ಆ ಬಾಲದ ಡೊಮೇನ್‌ನೂ, ಅಂದ್ರೆ ಅದರಲ್ಲಿರೋ ವೆಬ್‌ಸೈಟ್ ಹೆಸರುಗಳನ್ನೂ, ಮುಚ್ಚಬೇಕು ಅನ್ನೋದು ನಿಯಮ, ಅದಕ್ಕೆ 5 ವರ್ಷ ಟೈಮ್, ಜಾಸ್ತಿ ಅಂದ್ರೆ 10. ನಾಳೆನೇ ಬಂದ್ ಆಗುತ್ತೆ ಅಂತಲ್ಲ, ಆದ್ರೆ ಯುಗೊಸ್ಲಾವಿಯ ಒಡೆದು ಚೂರಾದ ಮೇಲೆ ಆ ದೇಶದ ಡಾಟ್ ವೈಯು 2010ರಲ್ಲಿ ಅಳಿಸಿಹೋಗಿದ್ದು ನಿಜ ತಾನೇ.

ಬ್ರಿಟನ್‌ನವ್ರ ಪಾಡು ಇದಕ್ಕಿಂತ ಬೇಗ ಆಗಿದ್ದು. ಡಾಟ್ ಇಯು ಹೆಸರು ಮುಖ್ಯವಾಗಿ ಯುರೋಪ್ ಒಕ್ಕೂಟದವ್ರಿಗೆ ಮೀಸಲು, ಬ್ರೆಕ್ಸಿಟ್ ಆಯ್ತು, ಅಂದ್ರೆ ಬ್ರಿಟನ್ ಆ ಒಕ್ಕೂಟ ಬಿಟ್ಟು ಹೊರಬಂತು, 2021ರ ಜನವರಿ 1ಕ್ಕೆ ಸುಮಾರು 80 ಸಾವಿರ ಹೆಸರು ತಡೆಹಿಡಿದ್ರು, ಸೈಟ್ ಓಪನ್ ಆಗಲ್ಲ, ಮೇಲ್ ಬರಲ್ಲ, ಒಕ್ಕೂಟದ ಯಾವ್ದಾದ್ರೂ ದೇಶದ ವಿಳಾಸ ಇಲ್ಲಾ ಪೌರತ್ವ ತೋರಿಸಿದವ್ರಿಗೆ ವಾಪಸ್. ಒಂದು ವರ್ಷ ಕಳೆದ ಮೇಲೆ ಉಳಿದ ಹೆಸರುಗಳನ್ನ ಬೇರೆಯವ್ರೂ ತಗೋಬಹುದು ಅಂತ ಬಿಟ್ಟುಬಿಟ್ರು. ದುಡ್ಡು ಕಟ್ಟಿದ್ರೂ, ಗ್ರಾಹಕರಿಗೆ ಅದೇ ಹೆಸರು ಬಾಯಿಗೆ ಬಂದಿದ್ರೂ ಲೆಕ್ಕಕ್ಕಿಲ್ಲ. ವ್ಯಾಪಾರಿ ಏನು ತಪ್ಪು ಮಾಡಿದ್ದ ಹೇಳಿ?

ನಮ್ಮ ಕಡೆ ನೋಡಿ, ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಬಂತು, 2018ರಲ್ಲಿ ಬಳ್ಳಾರಿಗೆ ಹೋಯ್ತು, 2021ರಲ್ಲಿ ವಿಜಯನಗರಕ್ಕೆ ಸೇರ್ತು. ಅಲ್ಲಿನ ಅಂಗಡಿಯವ್ರು ಬೋರ್ಡಲ್ಲಿ ಜಿಲ್ಲೆ ಹೆಸರು ಬದಲಾಯಿಸಿಕೊಂಡ್ರು ಅಷ್ಟೇ, ಅಂಗಡಿ ಹೆಸರನ್ನ ಯಾರೂ ಕಿತ್ಕೊಂಡಿಲ್ಲ. ಇಂಟರ್ನೆಟ್ಟಲ್ಲೂ ಹಂಗೇ ಇರ್ಬೇಕು, ಗಡಿ ಬದಲಾದ್ರೂ ಮೊದಲಿಂದ ಹೆಸರಿಟ್ಕೊಂಡವ್ರಿಗೆ ಅದು ಉಳೀಬೇಕು, ನಿಯಮ ಹೊಸಬರಿಗೆ ಮಾತ್ರ ಅನ್ವಯಿಸ್ಲಿ. ಡಾಟ್ ಇನ್ ಮತ್ತೆ ಕನ್ನಡ ಅಕ್ಷರದ ಡಾಟ್ ಭಾರತ ಎರಡೂ ನೋಡಿಕೊಳ್ಳೋ ನಿಕ್ಸಿ ಸಂಸ್ಥೆ ಇಂಥ ಭರವಸೆನ ಸಣ್ಣ ವ್ಯಾಪಾರಿಗೂ ತಿಳಿಯೋ ಭಾಷೆಯಲ್ಲಿ ಬರೆದುಕೊಡಲಿ ಅಂತ ಕೇಳ್ಕೋತೀನಿ, ಅದೂ ಕನ್ನಡದಲ್ಲಿ.

ಚಟ್ನಿಪುಡಿಯವ್ರು ಅವತ್ತೇ ಪ್ರೆಸ್‌ಗೆ ಫೋನ್ ಮಾಡಿ ಪ್ರಿಂಟ್ ನಿಲ್ಲಿಸಿದ್ರು, ಡಾಟ್ ಇನ್ ತಗೊಂಡ್ವಿ, ಅವ್ರದ್ದೇ ಹೆಸರಲ್ಲಿ, ಅವ್ರದ್ದೇ ಮೇಲ್ ಐಡಿಯಲ್ಲಿ. ಕವರ್ ಹಾಕಿಸೋಕೆ ಮುಂಚೆ ಹೆಸರಿನ ಬಾಲ ಯಾರ ಕೈಯಲ್ಲೈತೆ ಅನ್ನೋ ಈ ಒಂದು ವಿಷ್ಯ ಕೇಳಿ ಅಂತ ನಿಮ್ಮ ಪೇಪರ್ ಮೂಲಕ ಜಿಲ್ಲೆಯ ವ್ಯಾಪಾರಸ್ಥರಿಗೆ ತಲುಪಿಸಿ.

– ಒಬ್ಬ ಓದುಗ, ದಾವಣಗೆರೆ