ಕೆಲಸ ಹಂಚುವವರ ಗಮನಕ್ಕೆ

ಪುಣೆಯ ವರ್ಚುವಲ್ ಅಸಿಸ್ಟೆಂಟ್ (ಕ್ಲೈಂಟಿನ ಆಫೀಸು ಕೆಲಸವನ್ನು ದೂರದಿಂದಲೇ ಆನ್‌ಲೈನಿನಲ್ಲಿ ಮಾಡಿಕೊಡುವ) ಗೆಳೆಯರೇ, ನಿಮಗೆ ಬಂದ ಕೆಲಸವನ್ನು ಈ ಗುಂಪಿನಲ್ಲಿ ಬೇರೆಯವರಿಗೆ ಹಂಚುವಾಗ "ಯಾರಾದ್ರೂ ಫ್ರೀ ಇದ್ದೀರಾ?" ಅಂತ ಸುಮ್ನೆ ಕೇಳಬೇಡಿ. ಕೆಲಸ ಏನು, ಎಷ್ಟು ಗಂಟೆಯದು, ಎಷ್ಟು ಕೊಡುತ್ತೀರಿ, ಯಾವತ್ತು ಕೊಡುತ್ತೀರಿ, ಎಲ್ಲವನ್ನೂ ಅದೇ ಮೆಸೇಜಿನಲ್ಲಿ ಬರೆಯಿರಿ. ಕ್ಲೈಂಟ್ ದುಡ್ಡು ತಡ ಮಾಡಿದರೆ ಅದು ನಿಮ್ಮ ತಲೆನೋವು. ಕೆಲಸ ಮುಗಿಸಿಕೊಟ್ಟವರು ಯಾಕೆ ಕಾಯಬೇಕು? ಕ್ಲೈಂಟನ್ನು ಹುಡುಕಿದ್ದಕ್ಕೆ, ಕೆಲಸ ತಿದ್ದಿದ್ದಕ್ಕೆ ಒಂದು ಪಾಲು ಇಟ್ಟುಕೊಳ್ಳಿ, ತಪ್ಪಿಲ್ಲ. ಮುಕ್ಕಾಲು ನುಂಗುವುದು ಮಾತ್ರ ಜಾಸ್ತಿ ಆಯ್ತು, ಅಲ್ವಾ?

ಕ್ಲೈಂಟಿಗೆ ಹೇಳದೆ ಹಂಚಬೇಡಿ. ಪಾಸ್‌ವರ್ಡ್ ಇಲ್ಲಿ ಹಾಕಲೇಬೇಡಿ (ಹೌದು, ಹಾಕಿದವರಿದ್ದಾರೆ!). 1872ರ ಕರಾರು ಕಾಯ್ದೆಯ 192ನೇ ಸೆಕ್ಷನ್ ಪ್ರಕಾರ ಉಪ ಏಜೆಂಟ್ (ಏಜೆಂಟ್ ತನ್ನ ಕೈಕೆಳಗೆ ನೇಮಿಸಿಕೊಂಡವರು) ಮಾಡಿದ್ದಕ್ಕೆ ಯಜಮಾನನ, ಅಂದರೆ ಕೆಲಸ ಒಪ್ಪಿಸಿದವರ ಮುಂದೆ ಏಜೆಂಟೇ ಹೊಣೆ. ನಮ್ಮಲ್ಲೂ ಅದೇ ಲೆಕ್ಕ: ತಪ್ಪಾದರೆ ಕ್ಲೈಂಟಿಗೆ ಉತ್ತರ ಕೊಡುವವರು ನೀವೇ.

ಕೆಲಸ ಮಾಡಿಕೊಟ್ಟವರಿಗೆ ಹಳೆ ಬಾಕಿ ಕೊಡಬೇಕಾದವರು ಅದನ್ನು ತೀರಿಸುವ ತನಕ ಹೊಸ ಕೆಲಸ ಹಾಕುವಂತಿಲ್ಲ.