ಪುಟ್ಟಿಗೆ, ನಿನ್ನ ಲಾಟ್ವಿಯಾ ಅಜ್ಜಿಯ ಬಗ್ಗೆ

ಪ್ರೀತಿಯ ಪುಟ್ಟಿ,

ಅತ್ತೆಯ ಆಶೀರ್ವಾದಗಳು. ನಿನ್ನನ್ನು ವಾರ್ಡ್ ಇನ್‌ಚಾರ್ಜ್ ಮಾಡಿದ್ದಾರೆ ಅಂತ ನಿಮ್ಮಪ್ಪ ಫೋನಲ್ಲಿ ಹೇಳಿದ. ತುಂಬ ಸಂತೋಷವಾಯಿತು. ಅಜ್ಜಿಯ ಫೋಟೋ ಟೇಬಲ್ ಮೇಲೆ ಇಡುತ್ತೀಯಂತೆ. ಇಡು. ಆದರೆ ತ್ಯಾಗಮಯಿ, ಮಹಾತಾಯಿ ಅಂತೆಲ್ಲ ಹಾರ ಹಾಕಿ ಕೂರಿಸಬೇಡ. ಅವರ ಕೈಕೆಳಗೆ ಕೆಲಸ ಮಾಡಿದವಳು ನಾನು. ಭಾರಿ ಲೆಕ್ಕಾಚಾರದ ಹೆಂಗಸು ಅವರು. ನಿನಗೆ ಈಗ ಬೇಕಾಗಿರುವುದು ಆ ಲೆಕ್ಕಾಚಾರ.

ಊರು ಬಿಟ್ಟ ಕಥೆ ನಿಮ್ಮಮ್ಮ ಹೇಳಿರುತ್ತಾಳೆ. 1940ರಲ್ಲಿ ಲಾಟ್ವಿಯಾಕ್ಕೆ ಸೋವಿಯತ್ ಸೇನೆ ಬಂತು. ಮರುವರ್ಷ ಜೂನ್‌ನಲ್ಲಿ ಸುಮಾರು 15,000 ಜನರನ್ನು ಮನೆಗಳಿಂದ ಎಬ್ಬಿಸಿ ರೈಲಿಗೆ ತುಂಬಿದರು. ಆಮೇಲೆ ಜರ್ಮನರು ಬಂದರು. 1944ರಲ್ಲಿ ಸೋವಿಯತ್ ಸೇನೆ ತಿರುಗಿ ಬಂದಾಗ, ಅಲ್ಲಿನ ರಾಜಧಾನಿ ರೀಗಾದಲ್ಲಿ ನರ್ಸಿಂಗ್ ಕಲಿತಿದ್ದ ನಿನ್ನ ಅಜ್ಜಿ ಹಡಗು ಹತ್ತಿ ಜರ್ಮನಿ ಸೇರಿದರು. ಯುದ್ಧ ಮುಗಿದರೂ ವಾಪಸ್ ಹೋಗುವ ಹಾಗಿರಲಿಲ್ಲ. ನಿರಾಶ್ರಿತರ ಕ್ಯಾಂಪೇ ಗತಿ.

ಅದೇ ಹೊತ್ತಿಗೆ ಇಂಗ್ಲೆಂಡಿನ ಕ್ಷಯರೋಗದ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಜನ ಸಿಗುತ್ತಿರಲಿಲ್ಲ. 1946ರಲ್ಲಿ ಬ್ರಿಟಿಷ್ ಸರ್ಕಾರ ಲಾಟ್ವಿಯಾ, ಲಿಥುವೇನಿಯಾ, ಎಸ್ಟೋನಿಯಾದ ಮದುವೆಯಾಗದ ಹೆಣ್ಣುಮಕ್ಕಳನ್ನು ಕ್ಯಾಂಪುಗಳಿಂದ ಆರಿಸಿ ಕರೆಸಿಕೊಂಡಿತು. ಯೋಜನೆಗೆ ‘ಬಾಲ್ಟ್ ಸಿಗ್ನೆಟ್’ ಅಂತ ಹೆಸರು. ನೆಲ ಒರೆಸುವುದು, ಪಾತ್ರೆ ತೊಳೆಯುವುದು, ರೋಗಿಗಳ ಕಫದ ಬಟ್ಟಲು ಎತ್ತುವುದು. ನರ್ಸಿಂಗ್ ಓದಿದ್ದರೂ ಅಜ್ಜಿಗೆ ಸಿಕ್ಕಿದ್ದು ಅದೇ. ಆಮೇಲೆ ಇಂಗ್ಲಿಷ್ ಕಲಿತು, ಮೂರು ವರ್ಷದ ತರಬೇತಿ ಮತ್ತೆ ಮೊದಲಿನಿಂದ ಮಾಡಿದರು. ನಾನು ಇಂಗ್ಲೆಂಡಿಗೆ ಹೋಗುವ ಹೊತ್ತಿಗೆ ಅವರು ವಾರ್ಡ್ ಸಿಸ್ಟರ್, ಅಂದರೆ ವಾರ್ಡ್ ಇನ್‌ಚಾರ್ಜ್. ಮೇಟ್ರನ್ ಪದ್ಧತಿ ಹೋಗಿ ನರ್ಸಿಂಗ್ ಆಫೀಸರ್ ಹುದ್ದೆಗಳು ಬಂದಾಗ ಅದಕ್ಕೂ ಏರಿದರು.

ಅವರ ಒಂದು ಪದ್ಧತಿ ಹೇಳುತ್ತೇನೆ. ಡ್ಯೂಟಿ ಬದಲಾಗುವಾಗ ರಿಪೋರ್ಟ್ ಹೇಳುತ್ತೀರಲ್ಲ, ಆಗ ಕ್ಲೀನಿಂಗಿನವರೂ ಆಯಾಗಳೂ ಅಲ್ಲಿರಬೇಕು. ಮೊದಲ ಪ್ರಶ್ನೆ ಅವರಿಗೇ. ಊಟದ ತಟ್ಟೆ ಹಾಗೇ ವಾಪಸ್ ಬಂತು ಅಂತ ಯಾರಿಗೆ ಮೊದಲು ಗೊತ್ತಾಗುತ್ತದೆ? ಬೆಡ್‌ಪ್ಯಾನ್ ಕೊಡುವಾಗ ಸೊಂಟದ ಚರ್ಮ ಕೆಂಪಾಗಿರುವುದು ಯಾರ ಕಣ್ಣಿಗೆ ಬೀಳುತ್ತದೆ? ಡಾಕ್ಟರಿಗಂತೂ ಅಲ್ಲ. ನಮ್ಮ ವಾರ್ಡಿನಲ್ಲಿ ಬೆಡ್‌ಸೋರ್ (ಮಲಗಿದಲ್ಲೇ ಇದ್ದು ಆಗುವ ಹುಣ್ಣು) ಕಮ್ಮಿ ಇದ್ದದ್ದು ಇದರಿಂದಲೇ ಅಂತ ನಾನು ಈಗಲೂ ನಂಬುತ್ತೇನೆ.

ನಮ್ಮಂಥ ಹೊರಗಿನ ಹುಡುಗಿಯರನ್ನು ಆಗ ಎರಡು ವರ್ಷದ ಸಣ್ಣ ಕೋರ್ಸಿಗೆ ಹಾಕಿಬಿಡುತ್ತಿದ್ದರು. ಮಾಡಿದರೆ ಬಡ್ತಿ ಸಿಗುವುದು ಕಷ್ಟವಿತ್ತು, ಎಷ್ಟೋ ದೇಶಗಳಲ್ಲಿ ಅದಕ್ಕೆ ಬೆಲೆಯೂ ಇರಲಿಲ್ಲ. ನಾನು ಸಹಿ ಹಾಕಲು ಹೊರಟಿದ್ದೆ. ಅಜ್ಜಿ ಕಾಗದ ಕಿತ್ತುಕೊಂಡು, ಮೂರು ವರ್ಷದ್ದಕ್ಕೆ ಅರ್ಜಿ ಬರೆಸಿದರು. ಒಂದು ಒಳ್ಳೇ ಮಾತೂ ಆಡಲಿಲ್ಲ. “ಕಾಗುಣಿತ ತಿದ್ದು” ಅಂದರು, ಅಷ್ಟೆ! ನಿನ್ನ ವಾರ್ಡಿನಲ್ಲೂ ಮಣಿಪುರದಿಂದ, ಒಡಿಶಾದಿಂದ ಬಂದ ಹುಡುಗಿಯರಿದ್ದಾರೆ ಅಲ್ವಾ? ಕನ್ನಡ ತಡವರಿಸುತ್ತಾರೆ ಅಂತ ಬರೀ ಬೆಡ್ ಮಾಡುವ ಕೆಲಸಕ್ಕೆ ನಿಲ್ಲಿಸಬೇಡ. ಯಾರು ಯಾವ ಪರೀಕ್ಷೆ ಕಟ್ಟಬಹುದು ಅಂತ ವಿಚಾರಿಸು, ಫಾರಂ ನೀನೇ ತರಿಸು.

ಡ್ಯೂಟಿ ಚಾರ್ಟ್ ಹಾಕುವುದರಲ್ಲೂ ಅಷ್ಟೇ. ಜೂನ್ 23ರ ರಾತ್ರಿ ಮಾತ್ರ ಅಜ್ಜಿ ಡ್ಯೂಟಿಗೆ ಬರುತ್ತಿರಲಿಲ್ಲ. ಅದು ಅವರ ಯಾನಿ ಹಬ್ಬ. ತಲೆಗೆ ಎಲೆ, ಹೂವಿನ ಕಿರೀಟ, ಜೀರಿಗೆಯಂಥ ಕಾಳು ಹಾಕಿದ ಚೀಸ್, ಬೆಳಗಿನತನಕ ಬೆಂಕಿ ಮುಂದೆ ಹಾಡು. (ನಿಮ್ಮಪ್ಪ ನಿಮ್ಮಮ್ಮನನ್ನು ಮೊದಲು ನೋಡಿದ್ದು ಅಲ್ಲೇ. ಕೇಳು, ನಾಚಿಕೊಳ್ಳುತ್ತಾನೆ.) ಅದಕ್ಕೆ ಬದಲಾಗಿ ಕ್ರಿಸ್‌ಮಸ್ ರಾತ್ರಿ ಡ್ಯೂಟಿ ತಾವೇ ಹಾಕಿಕೊಳ್ಳುತ್ತಿದ್ದರು. ಯುಗಾದಿಗೆ ನಾನು ಕೇಳದೆಯೇ ರಜೆ ಬರೆದಿದ್ದರು. ತಾರೀಕು ಎಲ್ಲಿಂದ ಪತ್ತೆ ಮಾಡಿದರೋ!

ಒಂದನ್ನು ಮಾತ್ರ ಅವರಿಂದ ಕಲಿಯಬೇಡ. ರೋಗಿಗಳ ಮುಂದೆಯೇ ಬೈಯುತ್ತಿದ್ದರು. ಚಿಕ್ಕ ಹುಡುಗಿಯರು ಬಾತ್‌ರೂಮಿಗೆ ಹೋಗಿ ಅಳುತ್ತಿದ್ದರು. ಎಷ್ಟು ಕಷ್ಟಪಟ್ಟು ಮೇಲೆ ಬಂದಿದ್ದರೂ ಅದು ತಪ್ಪೇ. ಬೈಯಬೇಕಾದರೆ ರೂಮಿಗೆ ಕರೆದು ಬೈ.

ಮೊದಲ ತಿಂಗಳ ಚಾರ್ಟ್ ಗೋಡೆಗೆ ಅಂಟಿಸುವ ಮುಂಚೆ ಒಂದು ಫೋಟೋ ಹೊಡೆದು ವಾಟ್ಸಾಪ್ ಮಾಡು. ಯಾರಿಗೆ ಜಾಸ್ತಿ ನೈಟ್ ಬಿದ್ದಿದೆ ನೋಡಿ ಹೇಳುತ್ತೇನೆ. ಆಪರೇಷನ್ ಆದ ಮೇಲೆ ಕಣ್ಣು ಚೆನ್ನಾಗಿ ಕಾಣುತ್ತಿದೆ.

ನಿನ್ನ ಅತ್ತೆ